ಸುಟ್ಟ ಹಿಡಿಕೆಯ ಬಿಳಿ ಎಳೆಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಅಣ್ಣಿಗೇರಿಯ ಹೊರಗಿನ ತಗಡಿನ ಶೆಡ್ಡೊಂದರಲ್ಲಿ ಮಷೀನ್ ನಡೆಸುತ್ತಿದ್ದೆ. ಗಾಜಿನ ಸಣ್ಣ ಎಳೆ ಬೆರೆಸಿದ ನೈಲಾನ್ ಕಾಳನ್ನು ಕರಗಿಸಿ, ಅಚ್ಚಿಗೆ ಒತ್ತಿ, ಬೆಳೆಗೆ ಔಷಧ ಹೊಡೆಯುವ ಪಂಪಿನ ಹಿಡಿಕೆ ಮಾಡುತ್ತಿದ್ದೆವು.

ಹಿಡಿಕೆಗಳು ಮುರಿದು ವಾಪಸ್ ಬರತೊಡಗಿದವು. ಎಲ್ಲವೂ ಒಂದೇ ಕಡೆ, ಮೊಳೆ ಕೂರುವ ತೂತಿನ ತುದಿಗಡೆಯ ಅಂಚಿನಲ್ಲಿ. ಅಚ್ಚು ಮಾಡಿಸಿದ್ದ ಇಂಜಿನಿಯರ್ ಮಾಲೀಕರೆದುರು ನನ್ನತ್ತ ಕೈ ತೋರಿಸಿದ.

"ಈಕಿ ಚೀಲ ತೆರದಿಟ್ಟಾಳ್ರಿ, ಕಾಳು ಥಂಡಿ ಹಿಡದಾವ. ಕಳೆ ತಗಿಯೋ ಕೈಗೆ ಮಷೀನ್ ಕೊಟ್ರ ಹಿಂಗ ಆಗೂದು."

ನಾನು ಪ್ರತಿ ಚೀಲವನ್ನೂ ತೇವ ತಾಗದಂತೆ ಬಿಗಿದು ಕಟ್ಟಿಡುತ್ತಿದ್ದೆ. ಯಾರೂ ಕೇಳಲಿಲ್ಲ. ಮರುದಿನದಿಂದ ನನ್ನ ಕೈಗೆ ಕಸಬರಿಗೆ ಬಂತು. ಆತ ದಿನವೂ ಮುರಿದ ತುಂಡೊಂದನ್ನು ನನ್ನ ಕಾಲ ಬಳಿ ಎಸೆದು, "ಇದೂ ನಿಂದ, ಬಳಿ" ಎನ್ನುತ್ತಿದ್ದ. ಹಲ್ಲು ಕಚ್ಚಿ ಬಳಿಯುತ್ತಿದ್ದೆ.

ಒಂದು ಮಧ್ಯಾಹ್ನ ಕಸದ ಜೊತೆ ಅಂಥ ತುಂಡೊಂದು ಬೆಂಕಿಗೆ ಬಿತ್ತು. ಬೂದಿ ಕೆದಕಿದಾಗ ನೈಲಾನ್ ಉರಿದು ಹೋಗಿತ್ತು. ಗಾಜಿನ ಎಳೆಗಳು ಮಾತ್ರ ಹಿಡಿಕೆಯ ಆಕಾರದಲ್ಲೇ ಬೆಳ್ಳಗೆ ಉಳಿದಿದ್ದವು. ಕರಗಿದ ರಸ ಹರಿದ ದಿಕ್ಕಿಗೆ ಬಾಚಿದ ಕೂದಲಿನಂತೆ ಮಲಗಿದ್ದವು. ಮುರಿದ ಅಂಚಿನಲ್ಲಿ ಮಾತ್ರ ಅಂಚಿನುದ್ದಕ್ಕೇ ಮಲಗಿದ್ದವು, ಒಂದೂ ಆಚೆಗೆ ಚಾಚಿರಲಿಲ್ಲ. ತೂತಿನ ಬಳಿ ರಸ ಎರಡಾಗಿ ಸೀಳಿ, ಸುತ್ತಿ ಬಂದು ತುದಿಯಲ್ಲಿ ಕೂಡುತ್ತಿತ್ತು. ಎಳೆಗಳು ಆ ಕೂಡುವ ಗೆರೆ ದಾಟುತ್ತಿರಲಿಲ್ಲ, ಅಲ್ಲಿ ಹಿಡಿಕೆಗೆ ಬಲವೇ ಇರಲಿಲ್ಲ. ತಪ್ಪು ಅಚ್ಚಿನದು.

ಅಂದೇ ಹೇಳಬಹುದಿತ್ತು, ಹೇಳಲಿಲ್ಲ. ಹುಬ್ಬಳ್ಳಿಯ ಗಿರಾಕಿಗಳು ಬರಲೆಂದು ಎಂಟು ದಿನ ಕಾದೆ. ಅವರು ಬಂದ ದಿನ, ಮುರಿಯದ ಹೊಸ ಹಿಡಿಕೆಯೊಂದನ್ನು ಹಂಚಿನ ಮೇಲೆ ಸುಟ್ಟು ಎಲ್ಲರ ಮುಂದೆ ಇಟ್ಟೆ.

"ಸಾವಕಾರ್ರ, ಥಂಡಿ ಹಿಡದಿದ್ರ ಎಲ್ಲೆರ ಮುರೀಬೇಕಿತ್ತು. ಇಲ್ಲೇ ಯಾಕ ಮುರೀತಾವ, ನೋಡ್ರಿ."

ಸೂಜಿಯಿಂದ ತೂತಿನ ತುದಿ ಮುಟ್ಟಿದೆ. ಗೆರೆ ಹಿಡಿದು ಅದು ಎರಡಾಗಿ ಬಿತ್ತು.

ಮಾಲೀಕರು ಇಂಜಿನಿಯರ್ ಕಡೆ ತಿರುಗಿದರು. "ಅಚ್ಚಿನಾಗ ರಸ ಹೋಗೋ ಬಾಯಿ ತೂತು ಬಿಟ್ಟು ಆ ಬಾಜೂ ಇಟ್ಟಾವ್ರು ಯಾರು?"

"ನಾನ್ರಿ," ಎಂದ. ಕಿವಿ ಕೆಂಪಾಗಿದ್ದವು. ನಾನು ಕಣ್ಣು ತುಂಬ ನೋಡಿದೆ.

ಅಚ್ಚಿನ ಬಾಯಿಯನ್ನು ತೂತಿನ ಕಡೆಗೆ ಬದಲಿಸಿದ ಮೇಲೆ ರಸ ತೂತು ಸುತ್ತಿ ಮುಂದೆ ಹರಿದು ಬೆರೆಯತೊಡಗಿತು, ಹಿಡಿಕೆ ಮುರಿಯುವುದು ನಿಂತಿತು. ನಿನಗೇನು ಬೇಕು ಎಂದು ಮಾಲೀಕರು ಕೇಳಿದರು.

"ಒಂದ್ ವಾರ ಅವ್ರು ಕಸ ಬಳೀಲಿ."

ಮಾಲೀಕರು ನಕ್ಕರು. ನಾನು ನಗಲಿಲ್ಲ. ಅವರು ಇಂಜಿನಿಯರ್‌ಗೆ, "ಕೆಲಸ ಬೇಕಂದ್ರ ಬಳೀರಿ" ಎಂದರು.

ಆತ ಬಳಿದ. ಮೂರನೆಯ ದಿನ ಬುತ್ತಿ ತಂದ ಆತನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಆಗಲೂ ನನ್ನ ಬಾಯಿಂದ ಸಾಕು ಎಂಬ ಮಾತು ಬರಲಿಲ್ಲ. ಬರಬೇಕಿತ್ತು ಎಂದು ಇವತ್ತಿಗೂ ಅನ್ನಿಸಿಲ್ಲ.