ಗಾಡಿಯ ಮೇಲೊಂದು ಗಾಡಿ

ಕೆಟ್ಟು ನಿಂತ ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ ಐದು ನಿಮಿಷ ಸುಮ್ಮನೆ ನಿಂತು ನೋಡಿ. ನಿಮ್ಮ ಊರಿನಲ್ಲಿ ಎಷ್ಟು ಮಂದಿ ಪಂಡಿತರಿದ್ದಾರೆಂಬುದು ತಾನಾಗಿಯೇ ತಿಳಿಯುತ್ತದೆ. ಮೊದಲು ಬಂದವರು ಪೆಟ್ರೋಲ್ ಇದೆಯೇ ಎಂದು ವಿಚಾರಿಸುತ್ತಾರೆ. ಇದೆ ಎಂದರೆ ಅವರ ಮುಖ ಕೊಂಚ ಬಾಡುತ್ತದೆ. ಎರಡನೆಯವರು ಪ್ಲಗ್ಗಿನ ಮೇಲೆ ಆರೋಪ ಹೊರಿಸುತ್ತಾರೆ, ಮೂರನೆಯವರು ಕಿಕ್ಕರ್ ಒದೆಯುವ ನಮ್ಮ ಕಾಲಿನ ಮೇಲೆ. ಚಿನ್ನದ ಗಣಿಯ ಊರಾದ ಉರಿಗಾಮಿನ ನಮ್ಮ ಬೀದಿಯಲ್ಲಿ ಈ ಪಾಂಡಿತ್ಯ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಏಕಕಾಲಕ್ಕೆ ಪ್ರವಹಿಸುವುದರಿಂದ, ಧಾರವಾಡದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲಿಯೇ ಬೇರುಬಿಟ್ಟ ನನ್ನಂಥವನಿಗೆ ಉಚಿತವಾಗಿ ಭಾಷಾಭ್ಯಾಸವೂ ಆಗುತ್ತದೆ.

ನನ್ನ ಮೋಟಾರ್ ಸೈಕಲ್ ಹಳೆಯ ಕಾಲದ್ದು, ಗಾತ್ರದಲ್ಲಿ ಗಜ, ಗುಣದಲ್ಲಿ ಘನಗಂಭೀರ. ಒಂದು ಕಾಲದಲ್ಲಿ ನಾನು ಅದರ ಮೇಲೆ ಕೂತು ಹೋದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಈಗ ಅದಕ್ಕೆ ಸ್ಟ್ಯಾಂಡ್ ಹಾಕುವಾಗ ನಾನು ಪಡುವ ಪಾಡನ್ನು ನಿಂತು ನೋಡುತ್ತಾರೆ. ಕಳೆದ ವರ್ಷ ಅದರ ಎಂಜಿನ್ ಸೀಜ್ ಆಯಿತು. ಅಂಥ ಹಳೆಯ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇರುವುದು ಬಂಗಾರಪೇಟೆಯಲ್ಲಿ. ಅಲ್ಲಿಗೆ ಸಾಗಿಸಲು ನಾನು ಕರೆದದ್ದು ಕ್ಯಾಸಂಬಳ್ಳಿಯ ಮುನಿರಾಜುವನ್ನು. ಬೆಳಿಗ್ಗೆ ಹಾಲಿನ ಕ್ಯಾನು, ಆಮೇಲೆ ತರಕಾರಿ ಎಂದು ದಿನವಿಡೀ ಪಿಕಪ್ ಓಡಿಸುವ ಅವನಿಗೂ ನನಗೂ ಹದಿನೈದು ವರ್ಷಗಳ ಸ್ನೇಹ. ಬಂದವನು ಗಾಡಿಯನ್ನು ಒಂದು ಸುತ್ತು ನೋಡಿ, “ಎರಡ್ ಮೂಟೆ ರಾಗಿ ತೂಕ ಅಷ್ಟೇಯಾ ಸಾರ್, ಎತ್ತಾಕ್ಬುಡಾಣ” ಎಂದ.

ತೂಕದ ಅಂದಾಜು ಸರಿಯಾಗಿಯೇ ಇತ್ತು. ಆದರೆ ರಾಗಿ ಮೂಟೆಗೆ ನಿಂತೇ ಇರಬೇಕೆಂಬ ಹಟವಿಲ್ಲ, ಹಾಕಿದಲ್ಲಿ ಬಿದ್ದಿರುತ್ತದೆ. ಮೋಟಾರ್ ಸೈಕಲ್ಲಿಗೆ ಎರಡೇ ಚಕ್ರದ ಮೇಲೆ ನಿಲ್ಲುವ ಮಹತ್ವಾಕಾಂಕ್ಷೆ. ಬೀಳುವ ಮನಸ್ಸಾದರೆ ಯಾವ ಕಡೆಗೆಂದು ಅದು ಮೊದಲೇ ತಿಳಿಸುವುದೂ ಇಲ್ಲ. ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮನೆಯ ಮುಂದಿನ ಸಮತಟ್ಟಾದ ರಸ್ತೆಯಲ್ಲೇ ಪಿಕಪ್ ನಿಲ್ಲಿಸಿ, ಒಂದೇ ಒಂದು ಹಲಗೆಯನ್ನು ಹಿಂಭಾಗಕ್ಕೆ ಒರಗಿಸಿ, ಬೀದಿಯ ಪಂಡಿತಮಂಡಳಿಯ ಸಮ್ಮುಖದಲ್ಲಿ ತಳ್ಳತೊಡಗಿದೆವು. ಹ್ಯಾಂಡಲ್ ನನ್ನ ಕೈಯಲ್ಲಿ, ಆಜ್ಞೆ ಎಲ್ಲರ ಬಾಯಲ್ಲಿ. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ. ಗಾಡಿ ಅರ್ಧ ಹಲಗೆ ಏರಿದಾಗ, ಅದು ಮೇಲಕ್ಕೆ ಹೋಗುತ್ತಿದೆ, ನಾನು ಮಾತ್ರ ಕೆಳಗೇ ಉಳಿದಿದ್ದೇನೆ ಎಂಬ ಸತ್ಯದ ಸಾಕ್ಷಾತ್ಕಾರವಾಯಿತು. ಹತ್ತಿಕೊಳ್ಳಲೆಂದು ಒಂದು ಕೈ ಬಿಟ್ಟೆ. ಗಾಡಿ ವಾಲಿತು, ಹಲಗೆ ಜಾರಿತು. ಹಾಲಿನ ಕ್ಯಾನು ಜಾರಿದರೆ ಕಾಲು ಕೊಟ್ಟು ತಡೆಯುವುದು ಮುನಿರಾಜುವಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಹಾಲು ನೆಲಕ್ಕೆ ಚೆಲ್ಲುವುದನ್ನು ನೋಡುತ್ತ ನಿಲ್ಲುವುದು ಹಸು ಕಟ್ಟಿದ ಮನೆಯವರಿಂದ ಆಗದ ಕೆಲಸ. ಅವನು ಯೋಚಿಸುವ ಮೊದಲೇ ಅವನ ಎಡಗಾಲು ಮುಂದೆ ಹೋಗಿತ್ತು. ಕ್ಯಾನಾಗಿದ್ದರೆ ಕಾಲಿಗೆ ತಾಗಿ ನಿಲ್ಲುತ್ತಿತ್ತು.

ಪಾದದ ಎರಡು ಮೂಳೆ ಮುರಿದವು. ಎರಡು ತಿಂಗಳು ಕ್ಲಚ್ ತುಳಿಯಲಾಗದೆ ಅವನು ಜಗುಲಿಯ ಮೇಲೆ ಕೂತ. ನಾನು ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಕ್ಯಾಸಂಬಳ್ಳಿಗೆ ಹೋಗಿ ಅವನ ಎದುರು ಕೂರುತ್ತಿದ್ದೆ. ಅವನ ಹೆಂಡತಿ ಕಾಫಿ ತಂದುಕೊಡುತ್ತಿದ್ದಳು; ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹವೆ, ಬೆಳೆ, ರಾಜಕೀಯ ಎಲ್ಲವನ್ನೂ ನಿರರ್ಗಳವಾಗಿ ಚರ್ಚಿಸಿ ಬರುತ್ತಿದ್ದ ನನ್ನ ಬಾಯಿಂದ, ತಪ್ಪು ನನ್ನದು ಎಂಬ ಎರಡು ಪದ ಮಾತ್ರ ಹೊರಬೀಳಲಿಲ್ಲ. ಗಾಡಿಯ ಮುಖ ನೋಡಲಾಗದೆ ಅದಕ್ಕೆ ಟಾರ್ಪಾಲು ಹೊದಿಸಿಬಿಟ್ಟೆ.

ಆ ಟಾರ್ಪಾಲು ತೆಗೆಸಿದವನು ಮುನಿರಾಜುವೇ. ಈ ಬೇಸಿಗೆಯಲ್ಲಿ ಟೊಮೆಟೊ ಇಳಿಸಿ ಹಿಂತಿರುಗುವಾಗ ಮನೆಗೆ ಬಂದವನು ನೋಡಿ, “ಏನ್ ಸಾರ್, ಇದಿನ್ನೂ ಇಂಗೇ ಬಿದ್ದದಾ? ಇಲ್ಲೇ ತುಕ್ಕಿಡಿದ್ರೆ ನನ್ ಕಾಲ್ ಮುರ್ಕೊಂಡಿದ್ದು ದಂಡ ಆಯ್ತದಲ್ಲ! ಬಾನುವಾರ ಬತ್ತೀನಿ, ಏರ್ಸಾಣ” ಎಂದ. ಬೇಡ ಮಾರಾಯ ಎಂದೆ. “ಎಡಗಾಲ್ ಕೊಟ್ಟಾಯ್ತು, ಬಲಗಾಲ್ ಮಾತ್ರ ಕೇಳ್ಬೇಡಿ” ಎಂದು ನಗುತ್ತ ಹೊರಟುಹೋದ. ನನಗೆ ನಗು ಬರಲಿಲ್ಲ. ಗಾಡಿ ಮಣ್ಣುಪಾಲಾದರೂ ಚಿಂತೆಯಿಲ್ಲ, ಈ ಮನುಷ್ಯನ ಕಾಲಿಗೆ ಇನ್ನೊಮ್ಮೆ ನಾನು ಕಂಟಕನಾಗಬಾರದು ಎಂಬ ಒಂದೇ ಯೋಚನೆ ವಾರವೆಲ್ಲ ಕೊರೆಯಿತು.

“ಇದು ನಿಮ್ಮ ಕಡಿಂದ ಆಗೂ ಕೆಲಸಲ್ಲ. ಆರೋಗ್ಯಸ್ವಾಮಿ ಅವರನ್ನ ಕರೀರಿ” ಎಂದು ದಾರಿ ತೋರಿಸಿದವಳು ನನ್ನ ಹೆಂಡತಿ ಶಾರದಾ. ಆರೋಗ್ಯಸ್ವಾಮಿ ನಮ್ಮ ಸಾಲಿನ ಮೂರನೇ ಮನೆಯವರು. ಗಣಿ ಮುಚ್ಚುವವರೆಗೂ ನೆಲದಾಳಕ್ಕೆ ಮರದ ದಿಮ್ಮಿ, ಪೈಪು, ಪಂಪುಗಳನ್ನು ಹಗ್ಗ ಕಟ್ಟಿ ಇಳಿಸಿ, ಏರಿಸಿದವರು. ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ, ಮಾತು ಕಡಿಮೆ. ಕಾರ್ಖಾನೆಯ ಗೋಡೆಗಳಿಗೆಂದು ‘ಸುರಕ್ಷತೆಯೇ ಸರ್ವಸ್ವ’ ಎಂಬ ಧಾಟಿಯ ಪ್ರಾಸಬದ್ಧ ಫಲಕಗಳನ್ನು ವರ್ಷಗಟ್ಟಲೆ ರಚಿಸಿಕೊಟ್ಟ ನಾನು, ಸುರಕ್ಷತೆ ಹೇಗಿರುತ್ತದೆಂದು ಕಣ್ಣಾರೆ ನೋಡಿದ್ದು ಆ ಭಾನುವಾರವೇ.

ಅವರು ಬಂದವರು ಗಾಡಿಯನ್ನು ಮುಟ್ಟಲೇ ಇಲ್ಲ. ಮೊದಲು ನೆಲ ನೋಡಿದರು. “ಇಲ್ಲಿ ವೇಂಡಾ ಸಾರ್” ಎಂದು ಬೀದಿಯ ಕೊನೆಯವರೆಗೂ ನಡೆದು, ರಸ್ತೆಗಿಂತ ಮೊಣಕಾಲೆತ್ತರಕ್ಕಿದ್ದ ಗಟ್ಟಿ ಮಣ್ಣಿನ ದಿಬ್ಬವನ್ನು ಆರಿಸಿದರು. ಪಿಕಪ್ಪಿನ ಹಿಂಭಾಗ ದಿಬ್ಬದ ಕಡೆಗೆ ಬರುವಂತೆ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟಾಗ, ಏರಬೇಕಾದ ಎತ್ತರ ಅರ್ಧಕ್ಕರ್ಧ ಕರಗಿಹೋಗಿತ್ತು. ಆಮೇಲೆ ಎರಡು ಹಲಗೆ: ಒಂದು ಗಾಡಿಗೆ, ಪಕ್ಕದ್ದು ಹ್ಯಾಂಡಲ್ ಹಿಡಿದವನ ಕಾಲಿಗೆ. ಗಾಡಿಯ ಜೊತೆಗೆ ಮನುಷ್ಯನೂ ಮೇಲಕ್ಕೆ ಹೋಗಬೇಕೆಂಬ ಸರಳ ಸಂಗತಿಯನ್ನು ಯೋಚಿಸಿದ್ದ ಆ ತಲೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಹಲಗೆಗಳ ಮೇಲ್ತುದಿ ಜಾರದಂತೆ ಪಿಕಪ್ಪಿನ ಕೊಕ್ಕೆಗಳಿಗೆ ಬಿಗಿದರು. ಗಾಡಿಯ ಮುಂಭಾಗಕ್ಕೆ ಹಗ್ಗ ಕಟ್ಟಿ, ಪಿಕಪ್ಪಿನ ಮುಂದಿನ ಕಂಬಿಗೆ ಅದನ್ನು ಎರಡು ಸುತ್ತು ಸುತ್ತಿ, ತುದಿ ಹಿಡಿದು ತಾವು ಮೇಲೆ ನಿಂತರು. ನಾವು ತಳ್ಳಿದಷ್ಟನ್ನು ಅವರು ಎಳೆದುಕೊಳ್ಳುವುದು. ನಾವು ಸೋತರೆ ಕಂಬಿ ಹಿಡಿದಿರುತ್ತದೆ. ಕಾಲು ಅಡ್ಡ ಕೊಡುವ ಪ್ರಮೇಯವೇ ಇಲ್ಲದಂತೆ ಎಲ್ಲವನ್ನೂ ಹೂಡಿದ್ದರು.

ಕೊನೆಗೆ ಒಂದು ಸ್ಪ್ಯಾನರ್ ಕೈಗೆತ್ತಿಕೊಂಡು ನಿಯಮ ಹೇಳಿದರು. “ಎರಡು ಸಲ ತಟ್ಟಿದ್ರೆ ತಳ್ಳಿ, ಒಂದು ಸಲ ತಟ್ಟಿದ್ರೆ ನಿಲ್ಲಿ. ತಳ್ಳು ಅಂತ ಹೇಳೋಕೆ ನಾನ್ ಒಬ್ಬನೇ. ಬಾಯಲ್ಲಿ ಯಾರೂ ಹೇಳಬಾರದು.” ಹೀಗೆನ್ನುವಾಗ ಅವರ ದೃಷ್ಟಿ ನನ್ನ ಮೇಲೆಯೇ ಇತ್ತು. “ಆದ್ರೆ ನಿಲ್ಲು ಅಂತ ಯಾರು ಬೇಕಾದ್ರೂ ಹೇಳಬಹುದು. ಯಾಕೆ ಅಂತ ಕೇಳಂಗಿಲ್ಲ. ಮೊದಲು ನಿಲ್ಲೋದು, ಅಪ್ಪುರಂ ಮಾತು. ಗಣಿ ಒಳಗೆ ನಮಗೆ ಹಂಗೇ.” ಎಡಗೈ ಎತ್ತಿ ತೋರಿಸಿದರು. ಕಿರುಬೆರಳು ಇರಲಿಲ್ಲ. “ಒಂದು ದಿನ ಇಬ್ಬರು ತಳ್ಳು ಅಂದ್ರು ಸಾರ್.”

ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ, ಎಡಗಡೆಯ ಹಲಗೆಯ ಮೇಲೆ ನಾನು ನಿಂತೆ, ಬ್ರೇಕಿನ ಮೇಲೆ ಬೆರಳು. ಹಿಂದೆ ಒಂದು ಪಕ್ಕಕ್ಕೆ ಸೆರಗು ಸಿಕ್ಕಿಸಿಕೊಂಡ ಶಾರದಾ, ಇನ್ನೊಂದು ಪಕ್ಕಕ್ಕೆ ಮುನಿರಾಜು; ನೇರ ಹಿಂದೆ ಯಾರೂ ಇರಕೂಡದೆಂದು ಅಪ್ಪಣೆಯಾಗಿತ್ತು. ಟಣ್ ಟಣ್. ತಳ್ಳಿದೆವು, ಹಗ್ಗ ಅಷ್ಟೇ ಬಿಗಿಯಿತು. ಟಣ್. ನಿಂತೆವು. ಹೀಗೆ ಗೇಣುಗೇಣಾಗಿ ಏರುತ್ತ ಹೋದೆವು. ನೆರೆದ ಪಂಡಿತರೂ ಯಾಕೋ ಬಾಯಿ ತೆರೆಯಲಿಲ್ಲ. ಹಿಂದಿನ ಚಕ್ರವೂ ಹಲಗೆ ಹತ್ತಿದಾಗ ಹಲಗೆ ಕಿರುಗುಟ್ಟಿ ಬಾಗಿತು. ಗಾಡಿ ಎರಡು ಬೆರಳಷ್ಟು ಹಿಂದಕ್ಕೆ ಸರಿದು ಹಗ್ಗಕ್ಕೆ ಜೋತು ನಿಂತಿತು. ಆರೋಗ್ಯಸ್ವಾಮಿ ಹಗ್ಗ ಸರಿಮಾಡಿಕೊಂಡು ಎರಡು ಸಲ ತಟ್ಟಿದರು. ಅದೇ ಹೊತ್ತಿಗೆ ನಾನು ಕೆಳಗೆ ನೋಡಿದೆ. ಮುನಿರಾಜುವಿನ ಎಡಗಾಲು, ಅವನಿಗೇ ಅರಿವಿಲ್ಲದೆ, ಕ್ಯಾನು ತಡೆಯುವ ಹಳೆಯ ಚಾಳಿಯಲ್ಲಿ ಮುಂದಕ್ಕೆ ಹೋಗಿ ಬಾಗಿದ ಹಲಗೆಯ ಅಡಿಯಲ್ಲಿ ಸೇರಿಕೊಂಡಿತ್ತು.

“ನಿಲ್ಲಿ!” ಎಂದೆ.

ಎಲ್ಲವೂ ನಿಂತಿತು. ಯಾಕೆಂದು ಯಾರೂ ಕೇಳಲಿಲ್ಲ. ಮೂವತ್ತು ವರ್ಷ ವೇದಿಕೆಗಳಲ್ಲೂ ಕಾಫಿ ಮೇಜಿನ ಸುತ್ತಲೂ ಅಷ್ಟೊಂದು ಮಾತಾಡಿದ ನನಗೆ, ಆಡಿದ ಮಾತು ಅಷ್ಟು ಶುದ್ಧವಾಗಿ ಕೆಲಸ ಮಾಡಿದ ಅನುಭವ ಅದೇ ಮೊದಲು. ಮುನಿರಾಜು ಬಗ್ಗಿ ನೋಡಿ, ಕಾಲೆಳೆದುಕೊಂಡು, “ಥೂ, ಈ ಕಾಲ್ಗೆ ಬುದ್ದಿನೇ ಬರಾಕಿಲ್ವಲ್ಲ ಸಾರ್!” ಎಂದ. ಶಾರದಾ ನನ್ನ ಕಡೆ ನೋಡಿ, “ಜೀವಮಾನದಾಗ ಇವತ್ತ ಒಂದ ಶಬ್ದದಾಗ ಮಾತು ಮುಗಿಸಿದ್ರಿ” ಎಂದಳು. ಟಣ್ ಟಣ್. ಇನ್ನು ನಾಲ್ಕು ಸಲ ತಳ್ಳುವಷ್ಟರಲ್ಲಿ ಗಾಡಿ ಮೇಲಿತ್ತು.

ಮುಂದಿನ ಚಕ್ರವನ್ನು ಕ್ಯಾಬಿನ್ನಿನ ಹಿಂಬದಿಗೆ ಒತ್ತಿ, ಗೇರಿಗೆ ಹಾಕಿ, ಹಗ್ಗ ಉಜ್ಜುವಲ್ಲೆಲ್ಲ ಗೋಣಿಚೀಲ ಮಡಿಸಿಟ್ಟು, ಮುಂದಿನ ಸ್ಪ್ರಿಂಗು ಅರ್ಧ ಕುಗ್ಗುವಷ್ಟು ಬಿಗಿಯಾಗಿ ನಾಲ್ಕು ಮೂಲೆಗೂ ಎಳೆದು ಕಟ್ಟಿದರು ಆರೋಗ್ಯಸ್ವಾಮಿ. ಒಂಬತ್ತೇ ಬೆರಳಿನಲ್ಲಿ ಅವರು ಹಾಕಿದ ಗಂಟುಗಳನ್ನು ಹತ್ತು ಬೆರಳಿನ ನಾನು ಬೆರಗಾಗಿ ನೋಡಿದೆ. ಹ್ಯಾಂಡಲ್ ಹಿಡಿದು ಅಲುಗಿಸಿದರೆ ಪಿಕಪ್ಪೇ ತೂಗಿತು. “ಈಗ ಎರಡೂ ಒಂದೇ ಗಾಡಿ ಸಾರ್. ಸ್ವಲ್ಪ ದೂರ ಹೋದಮೇಲೆ ಒಂದು ಸಲ ಹಗ್ಗ ನೋಡಿ” ಎಂದು ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು, ಮೊಣಕಾಲು ನೀವಿಕೊಳ್ಳುತ್ತ ಮನೆಗೆ ಹೋದರು. ಬಂಗಾರಪೇಟೆಯಲ್ಲಿ ಇಳಿಸುವಾಗ ಹಗ್ಗ ಹಿಡಿಯುವುದೂ ಸ್ಪ್ಯಾನರ್ ತಟ್ಟುವುದೂ ನನ್ನದೇ ಕೆಲಸ ಎಂಬುದು ನನಗೆ ತಡವಾಗಿ ಅರ್ಥವಾಯಿತು.

ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದೆ. ತಳ್ಳು ಎಂದು ಹೇಳುವ ಅಧಿಕಾರಕ್ಕಾಗಿ ಮನೆಯಲ್ಲಿ, ಕಚೇರಿಯಲ್ಲಿ ನಾವೆಲ್ಲ ಎಷ್ಟು ಹಾತೊರೆಯುತ್ತೇವೆ! ನಿಲ್ಲು ಎನ್ನುವ ಹಕ್ಕನ್ನು ಕೊನೆಯ ಕೂಲಿಯವನಿಗೂ ಕೊಟ್ಟು, ಅವನ ಮಾತಿಗೆ ಎಲ್ಲರೂ ಮರುಮಾತಿಲ್ಲದೆ ನಿಲ್ಲುತ್ತಿದ್ದ ಆ ಕತ್ತಲೆಯ ಕೆಲಸಗಾರರು ನನಗಿಂತ ಎಷ್ಟೋ ಸುಸಂಸ್ಕೃತರೆನಿಸಿತು.

ಬಂಗಾರಪೇಟೆಯಲ್ಲಿ ಮುನಿರಾಜು ಹೇಳಿಸಿಕೊಳ್ಳದೆಯೇ ಮೆಕ್ಯಾನಿಕ್ ಅಂಗಡಿಯ ಎತ್ತರದ ಕಟ್ಟೆಗೆ ಪಿಕಪ್ಪಿನ ಹಿಂಭಾಗ ಒಡ್ಡಿದ. ಅಲ್ಲಿಯೂ ಪಂಡಿತರು ಸೇರಿದರು; ಸಲಹೆಗಳು ಶುರುವಾದವು. “ಸುಮ್ಕಿರ್ರಪ್ಪಾ, ಇಲ್ಲಿ ಸಾರ್ ತಟ್ದಂಗೆ ಕೆಲ್ಸ” ಎಂದು ಅವನು ಎಲ್ಲರ ಬಾಯಿ ಮುಚ್ಚಿಸಿದ. ಮೆಕ್ಯಾನಿಕ್ ಹ್ಯಾಂಡಲ್ ಹಿಡಿದ. ಮುನಿರಾಜು ಕೆಳಗೆ, ಹಲಗೆಯ ಪಕ್ಕದಲ್ಲಿ ಹೋಗಿ ನಿಂತ. ಅಷ್ಟೂ ಭಾರ ನನ್ನ ಕೈಯ ಹಗ್ಗದಲ್ಲಿತ್ತು. ಎರಡು ತಿಂಗಳ ಭಾನುವಾರಗಳಲ್ಲಿ ಬಾರದಿದ್ದ ಮಾತು ಆಗ ಬಂತು.

“ಮುನಿರಾಜು, ಹೋದ ಸಲ ತಪ್ಪು ನಂದು. ಕೈ ಬಿಟ್ಟವನು ನಾನು.”

ಅವನು ತಲೆಯೆತ್ತಿ ನೋಡಿದ. “ಗೊತ್ತು ಸಾರ್, ಅವತ್ತೇ ಗೊತ್ತು” ಎಂದ. ಹಲಗೆಯಿಂದ ಎಡಗಾಲನ್ನು ಒಂದು ಹೆಜ್ಜೆ ದೂರಕ್ಕೆ ತೆಗೆದು ಊರಿ ನಿಂತ. “ಈಗ ಬಿಡಲ್ಲ ನೀವು. ತಟ್ಟಿ.”

ನಾನು ಎರಡು ಸಲ ತಟ್ಟಿದೆ.