ಉಪಕ್ರಮಕ್ಕೆ ಹೋದ ಅಜ್ಜ

ಪುಣೆಯಲ್ಲಿ ನನ್ನನ್ನು ನೆಲದ ಮೇಲೆ ಕೂರಿಸಿದವರು ಒಂಬತ್ತನೆಯ ತರಗತಿಯ ಮಕ್ಕಳು. ಕೋಟು ತೊಟ್ಟು, ರುಮಾಲು ಸುತ್ತಿ, ಎದೆಯ ಜೇಬಿನಲ್ಲಿ ‘ಶಿಕ್ಷಣದ ಉದ್ದೇಶ’ ಎಂಬ ನಾಲ್ಕು ಪುಟಗಳ ಭಾಷಣವನ್ನಿಟ್ಟುಕೊಂಡು ಹೋದವನಿಗೆ ಅಲ್ಲಿ ವೇದಿಕೆ ಕಾಣಲಿಲ್ಲ, ದೀಪ ಕಾಣಲಿಲ್ಲ, ಕುರ್ಚಿಯೂ ಕಾಣಲಿಲ್ಲ. ಮಕ್ಕಳು ಸರಿದು ಬಿಟ್ಟುಕೊಟ್ಟ ಜಮಖಾನೆಯ ಮೂಲೆಯೊಂದನ್ನು ಶಿಕ್ಷಕಿ ತೋರಿಸಿ, “ಬಸಾ ಆಜೋಬಾ” ಎಂದರು. ಕುಳಿತುಕೊಳ್ಳಿ ಅಜ್ಜ, ಎಂದರ್ಥ.

ದೋಷ ಒಂದು ಶಬ್ದದ್ದು. ಮೊಮ್ಮಗಳು ಅಶ್ವಿನಿ ಶಾಲೆಯಿಂದ ತಂದ ಮರಾಠಿ ಚೀಟಿಯಲ್ಲಿ ಅಜ್ಜಂದಿರನ್ನು ‘ಉಪಕ್ರಮ’ಕ್ಕೆ ಕರೆದಿದ್ದರು. ನಮ್ಮಲ್ಲಿ ಉಪಕ್ರಮವೆಂದರೆ ಆರಂಭ. ಅದಕ್ಕೆ ಜೋಡಿ ಉಪಸಂಹಾರ. ಸಮಾರಂಭವನ್ನು ಆರಂಭಿಸಿಕೊಡಲು ಕರೆದಿದ್ದಾರೆಂದು ತಿಳಿದೆ. ಇಂಡಿ ತಾಲೂಕಿನ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ಮುಖ್ಯಾಧ್ಯಾಪಕನಾಗಿ ನಿವೃತ್ತನಾದವನು ಮೊಮ್ಮಗಳ ಬಳಿ ಶಬ್ದಾರ್ಥ ಕೇಳುವುದುಂಟೆ? ಕೇಳಲಿಲ್ಲ. ಇಲ್ಲಿ ಉಪಕ್ರಮವೆಂದರೆ ಶಾಲೆಯ ಚಟುವಟಿಕೆ: ಆಟ, ನಾಟಕ, ಗೋಡೆ ಪತ್ರಿಕೆ, ಅಜ್ಜಂದಿರನ್ನು ಸುತ್ತುವರಿದು ಪ್ರಶ್ನೆ ಕೇಳುವುದು.

ಪುಣೆಯ ಭೋಸರಿಯಲ್ಲೇ ವಾಸವಿದ್ದು, ಅಲ್ಲಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ನೌಕರಿ ಮಾಡುವ ಮಗಳ ಮನೆಗೆ ಬಂದು ನನಗೆ ಎಂಟು ತಿಂಗಳು. ಈ ಅವಧಿಯಲ್ಲಿ ಆದ ಅವಮಾನಗಳೆಲ್ಲ ನೆನಪಿನಲ್ಲಿವೆ. ಅವಳ ಕಟ್ಟಡದ ಕಾವಲುಗಾರ ಮೊದಲ ದಿನವೇ ನನ್ನನ್ನು “ಅಣ್ಣಾ” ಎಂದ. ನಮ್ಮಲ್ಲಿ ಅದು ಗೌರವ. ಅವನ ಬಾಯಲ್ಲಿ ಅಣ್ಣಾ ಎಂದರೆ ಇಡ್ಲಿ ಮಾರುವ ದಕ್ಷಿಣದವನು. ರೊಟ್ಟಿ ತಿಂದು ಎಪ್ಪತ್ತು ದಾಟಿದವನು ನಾನು. ಅದೇ ಜೋಳ, ಅದೇ ರೊಟ್ಟಿ ಇಲ್ಲಿ ‘ಭಾಕರಿ’ ಆಗುತ್ತದೆ ಎಂದು ಅವನಿಗೆ ವಿವರಿಸಲು ಹೋಗಿ ನಗೆಗೀಡಾದೆ.

ಆದರೆ ಆ ಜಮಖಾನೆಯ ಮೇಲೆ ಆದದ್ದು ಬೇರೆ. ಹುಡುಗನೊಬ್ಬ ಕೇಳಿದ: “ಆಜೋಬಾ, ತುಮಚ್ಯಾ ಶಾಳೇತ ಕೋಣತೇ ಉಪಕ್ರಮ ಹೋತೇ?” ನಿಮ್ಮ ಶಾಲೆಯಲ್ಲಿ ಯಾವ ಚಟುವಟಿಕೆಗಳಿದ್ದವು?

ಯಾವುದನ್ನೂ ನಾನು ಉಳಿಸಿರಲಿಲ್ಲ. ಇಪ್ಪತ್ತು ವರ್ಷದ ಹಿಂದೊಮ್ಮೆ ತಾಲೂಕಿನ ಸಭೆಯಲ್ಲಿ ಅಧಿಕಾರಿಯೊಬ್ಬರು ಫಲಿತಾಂಶ ಓದುತ್ತ ಕೊನೆಗೆ ನನ್ನ ಶಾಲೆಯ ಹೆಸರು ಹೇಳಿ, “ಹೆಡ್ ಮಾಸ್ತರ್ರ, ಸಾಲಿ ನಡಸ್ತೀರೋ, ಜಾತ್ರಿ ನಡಸ್ತೀರೋ?” ಎಂದರು. ಸಭೆ ನಕ್ಕಿತು. ನಕ್ಕವರ ಹೆಸರುಗಳನ್ನು ಇಂದಿಗೂ ಕುಳಿತಿದ್ದ ಸಾಲಿನ ಕ್ರಮದಲ್ಲೇ ಹೇಳಬಲ್ಲೆ. ಮರುದಿನದಿಂದ ಆಟದ ಅವಧಿ ಗಣಿತಕ್ಕೆ ಹೋಯಿತು. ಆಟದ ಸಾಮಾನಿನ ಕಪಾಟಿನ ಕೀಲಿ ನನ್ನ ಜೇಬು ಸೇರಿತು.

ಆ ವರ್ಷವೇ ಒಂಬತ್ತನೆಯ ತರಗತಿಯ ಮಹಾದೇವಿ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಸರ, ತಾಲೂಕಿನ ಓಟಕ್ಕ ನನ್ನ ಹೆಸರು ಬರಕೊಳ್ರಿ.”

“ಓಡಿ ಏನು ಮಾಡಾಕಿ? ಸಾಲಿ ಇರೂದು ಕಲೀಲಿಕ್ಕೆ.”

“ನಾ ಸಾಲಿಗೆ ಬರೂದು ಓಡಾಕ್ರಿ ಸರ.”

ಉದ್ಧಟತನವೆಂದು ಬಗೆದು, ಸಹಪಾಠಿಗಳ ಎದುರು ಅವಳನ್ನು ಅರ್ಧ ದಿನ ನಿಲ್ಲಿಸಿದೆ. ದಸರೆಯ ರಜೆ ಮುಗಿದರೂ ಅವಳು ಬರಲಿಲ್ಲ. ಮನೆಯವರೊಂದಿಗೆ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋದಳೆಂದು ಜವಾನ ಹೇಳಿದ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಅಳತೆಪಟ್ಟಿ ಇಟ್ಟು ಎಳೆದದ್ದು ನೆನಪಿದೆ.

ಜಮಖಾನೆಯ ಮೇಲೆ ಅಶ್ವಿನಿ ಪೆನ್ನು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ನಮ್ಮಜ್ಜ ಹೆಡ್ ಮಾಸ್ತರು ಎಂದು ಅವಳು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದಳು. ನಾನು ಹೇಳಿದೆ: “ಓಟವಿತ್ತು. ಮಹಾದೇವಿ ಎಂಬ ಹುಡುಗಿ ತಾಲೂಕಿಗೇ ಮೊದಲು ಬಂದಳು.”

ಮಕ್ಕಳು ಚಪ್ಪಾಳೆ ತಟ್ಟಿದರು. ಅಶ್ವಿನಿ ಅದನ್ನು ದೊಡ್ಡ ಹಾಳೆಯಲ್ಲಿ ಬರೆದು, ಎರಡು ಜಡೆಯ ಹುಡುಗಿಯೊಬ್ಬಳು ಓಡುವ ಚಿತ್ರ ಬಿಡಿಸಿದಳು. ಹಾಳೆ ಶಾಲೆಯ ಪಡಸಾಲೆಯ ಗೋಡೆಯೇರಿತು. ಚಿತ್ರದ ಹುಡುಗಿ ಬರಿಗಾಲಲ್ಲಿದ್ದಳು. ಮಹಾದೇವಿಗೆ ಚಪ್ಪಲಿ ಇರಲಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ.

ಅಂದಿನಿಂದ ಆ ಪಾದಗಳು ನನ್ನ ಹಿಂದೆಯೇ ಬಂದವು. ಮನೆಯ ಪಕ್ಕ ಕಟ್ಟುತ್ತಿರುವ ಕಟ್ಟಡದಲ್ಲಿ ಬುಟ್ಟಿ ಹೊತ್ತು ಏರುವ ಹೆಂಗಸರು ನಮ್ಮ ತಾಲೂಕಿನ ಮಾತನ್ನೇ ಆಡುತ್ತಾರೆ. ಊರಿನ ನುಡಿ ಕಿವಿಗೆ ಬಿದ್ದರೆ ಪರಸ್ಥಳದಲ್ಲಿ ಜೀವ ತಣಿಯಬೇಕು. ನಾನು ರಸ್ತೆಯ ಆಚೆ ಬದಿಗೆ ದಾಟತೊಡಗಿದೆ.

ಒಂದು ಶನಿವಾರ ಅಶ್ವಿನಿಯನ್ನು ಕೂರಿಸಿಕೊಂಡೆ. “ನಿನ್ನ ಹಾಳಿಯಾಗ ಒಂದು ತಪ್ಪದ.”

“ಸ್ಪೆಲಿಂಗೇನ್ ಅಜ್ಜಾ?”

“ಆಕಿ ಓಡಲಿಲ್ಲ. ನಾನೇ ಓಡಗೊಡಲಿಲ್ಲ.”

“ಮತ್ತ ಟೀಚರ್ ಮುಂದ ಖೋಟಾ ಯಾಕ ಹೇಳಿದ್ರಿ?”

“ನೀ ಬರಕೋತ ಕುಂತಿದ್ದಿ.”

ಸೋಮವಾರ ನನ್ನನ್ನೂ ಶಾಲೆಗೆ ಕರೆದೊಯ್ದು ಅವಳು ಚಿತ್ರವನ್ನು ಹಾಗೆಯೇ ಬಿಟ್ಟು, ಕೆಳಗಿನ ಸಾಲನ್ನು ಹೊಡೆದುಹಾಕಿ ಮರಾಠಿಯಲ್ಲಿ ಹೊಸದಾಗಿ ಬರೆದಳು: ಅಜ್ಜ ಇವಳನ್ನು ಓಡಲು ಬಿಡಲಿಲ್ಲ. “ರಾಹೂ ದ್ಯಾ ಆಜೋಬಾ,” ಇರಲಿ ಬಿಡಿ ಅಜ್ಜ, ಎಂದು ಶಿಕ್ಷಕಿ ಸಂಕೋಚಪಟ್ಟರು. ಹೊಸ ಸಾಲಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು, ತಿದ್ದಿಸಿ ಬಂದೆ. ಆ ಸಂಜೆ ಅಶ್ವಿನಿ ನನ್ನ ಕೈ ಹಿಡಿಯದೆ, ನಾಲ್ಕು ಹೆಜ್ಜೆ ಮುಂದೆ ನಡೆದಳು.

ಮರುದಿನ ನಾನು ರಸ್ತೆ ದಾಟಲಿಲ್ಲ. ಕಟ್ಟಡದ ಮುಂದೆ ನಿಂತು, “ಇಲ್ಲಿ ಮಹಾದೇವಿ ಅಂತ ಯಾರರೆ ಅದಾರೇನವಾ?” ಎಂದು ಕೇಳಿದೆ.

ಬುಟ್ಟಿ ಇಳಿಸಿದ ಹೆಂಗಸೊಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಯಾವ ಮಹಾದೇವಿ ಬೇಕ್ರಿ? ನನ್ನೂ ಹಿಡದು ಮೂರು ಮಂದಿ ಅದೀವಿ.”

“ಭಾಳ ಜೋರು ಓಡತಿದ್ದಾಕಿ.”

ಅವಳು ನಕ್ಕಳು. “ಎಲ್ಲಾರೂ ಊರು ಬಿಟ್ಟು ಓಡೇ ಬಂದೀವ್ರಿ ಯಜಮಾನ್ರ.” ಆಮೇಲೆ ನನ್ನ ರುಮಾಲನ್ನು ನೋಡುತ್ತ, “ನಮ್ಮ ಕಡಿಯವರೇ ಕಾಣ್ತೀರಿ. ಯಾವ ಊರ್ರಿ ನಿಮ್ದು?” ಎಂದಳು.

ಊರು, ತಾಲೂಕು, ಜಿಲ್ಲೆಗಳನ್ನು ಕ್ರಮವಾಗಿ ಹೇಳುವುದು ನನ್ನ ರೂಢಿ. ಅವಳ ವಯಸ್ಸು ಮೂವತ್ತೈದರ ಆಸುಪಾಸು. ಕಾಲು ನೋಡಲು ನನಗೆ ಧೈರ್ಯವಾಗಲಿಲ್ಲ.

“ಇಲ್ಲೇವಾ,” ಎಂದೆ. “ಭೋಸರಿ.”