ಭಾವ ಪಾದೆ ಇಳಿದ ದಿನ

1999ರಲ್ಲಿ, ಎಂಟನೆಯ ಕ್ಲಾಸಿನ ಅರ್ಧದಲ್ಲಿ, ನಾನು ಶಾಲೆ ಬಿಟ್ಟೆ. ಬಿಡಿಸಿದವರು ಯಾರೂ ಇಲ್ಲ. ದುಡಿಯಬೇಕೆಂದು ನನಗೇ ಕಂಡಿತು, ದುಡಿದೆ. ಅಂದಿನಿಂದ ಕಡಬದ ಸುತ್ತಿನ ತೋಟಗಳಲ್ಲಿ ರಬ್ಬರ್ ಟ್ಯಾಪಿಂಗ್. ಯಾರ ಮನೆಯ ಜಗಲಿಯ ಬುಡದಲ್ಲೂ ಕೈಕಟ್ಟಿ ನಿಂತವನಲ್ಲ.

ಇಚಿಲಂಪಾಡಿಯ ನಮ್ಮ ಮನೆಯಿಂದ ಗುಡ್ಡದ ದಾರಿ ಹಿಡಿದರೆ, ರಬ್ಬರ್ ಮುಗಿದಲ್ಲಿ ಒಂದು ಪಾದೆ ಸಿಗುತ್ತದೆ. ಓರೆಯಾಗಿ ಮಲಗಿದ ಒಂದೇ ಕರಿಬಂಡೆ. ಕೈಗೆ ಹಿಡಿಯಲು ಬಿರುಕಿಲ್ಲ, ಆದರೆ ತೀರಾ ಕಡಿದಾದದ್ದೂ ಅಲ್ಲ. ಒಣಗಿರುವಾಗ ಬೆನ್ನು ನೆಟ್ಟಗೆ ಮಾಡಿ ಪಾದ ಪೂರ್ತಿ ಊರಿದರೆ ನಡೆದೇ ಹತ್ತಬಹುದು. ಮಂಗಳೂರಿನಿಂದ ಬಂಡೆ ಹತ್ತಲು ಬರುತ್ತಿದ್ದ ಕೆಲವರಿಗೆ ದಾರಿ ತೋರಿಸಲು ಹೋಗಿ ನನಗೂ ಅದರ ಮರುಳು ಹಿಡಿಯಿತು. ಹಗ್ಗದ ಕೆಲಸವನ್ನು ಅವರಿಂದ ಕಲಿತೆ. ಆಮೇಲೆ ನನ್ನದೇ ದುಡಿಮೆಯಲ್ಲಿ ಹಗ್ಗ, ಬೂಟು ತೆಗೆದುಕೊಂಡೆ.

ನನ್ನ ಹೆಂಡತಿಯ ತಮ್ಮ ಅಡಿಕೆ ಮರ ಹತ್ತುವವನು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಎರಡೂ ಪಾದ ಸೇರಿಸಿ ಹಿಡಿಯುವ ಬಳ್ಳಿಯ ಬಳೆ, ಅದೇ ತಳೆ, ಕಾಲಿಗೆ ಸಿಕ್ಕಿಸಿ, ಮರವನ್ನು ಎದೆಗೆ ಅವುಚಿಕೊಂಡು ಏರಿದನೆಂದರೆ ಒಂದರ ತಲೆಯಿಂದ ಬಾಗಿ ಇನ್ನೊಂದನ್ನು ಹಿಡಿಯುತ್ತಿದ್ದ. ನೆಲಕ್ಕೆ ಬರುವುದು ಊಟಕ್ಕೆ ಮಾತ್ರ. ನನ್ನ ಹಗ್ಗ ನೋಡಿ ಅವನಿಗೆ ನಗು.

“ಎಂತ ಭಾವ, ದನ ಕಟ್ಲಿಕ್ಕಾ? ಮಲಗಿದ ಕಲ್ಲಿಗೆ ಹಗ್ಗ ಬೇಕಾ ನಿಮಗೆ?”

“ಒಮ್ಮೆ ಬಾ ಮಾರಾಯ, ಮತ್ತೆ ಮಾತಾಡುವ.”

ಕಳೆದ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಆದಿತ್ಯವಾರ ಬಂದ. ಹತ್ತುವಾಗ ನನಗಿಂತ ಮುಂದೆ ಓಡಿದ. ಇಳಿಯಲು ಪಾದೆಯ ಹಿಂದೆ ಕಾಡಂಚಿನ ದಾರಿ ಉಂಟು; ಯಾವಾಗಲೂ ನಾನು ಅದರಲ್ಲೇ ಬರುವುದು. ಅಂದು ಆ ಕಡೆಯಿಂದ ಬೈನೆ ಮರ ಮುರಿಯುವ ಸದ್ದು ಕೇಳಿತು. ಆನೆ. ಕಾದು ನೋಡಿದೆವು, ಸದ್ದು ಹತ್ತಿರವಾಯಿತು. ಮೋಡವೂ ಕಟ್ಟುತ್ತಿತ್ತು, ಒದ್ದೆಯಾದ ಪಾದೆ ಸೋಪಿನ ಹಾಗೆ. ಬೇಗ ಎದುರಿನಿಂದಲೇ ಇಳಿಯಬೇಕಾಯಿತು.

ಪಾದೆಯ ತಲೆಯಲ್ಲಿದ್ದ ಒಂದು ಮರಕ್ಕೆ ಹಗ್ಗ ಸುತ್ತಿ, ಅವನ ಸೊಂಟಕ್ಕೆ ಕಟ್ಟಿ, ಮೇಲೆಯೇ ನಿಂತು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋದೆ. ನಡುವಿನಲ್ಲಿ ಅವನ ಕಾಲು ಜಾರಿತು. ಮರ ಹತ್ತುವವರು ಏನು ಮಾಡುತ್ತಾರೋ ಅದನ್ನೇ ಮಾಡಿದ: ಬಂಡೆಯನ್ನು ಅವುಚಿ ಹಿಡಿದ. ಎದೆ ಕಲ್ಲಿಗೆ ಒತ್ತಿದಷ್ಟೂ ಪಾದದ ಹಿಡಿತ ತಪ್ಪುತ್ತದೆ. ಮತ್ತೆ ಜಾರಿದ. ಹಗ್ಗ ತಡೆಯಿತು, ಆದರೆ ಎದೆಯ, ಮೊಣಕಾಲಿನ ಚರ್ಮ ಕಲ್ಲಿನಲ್ಲೇ ಉಳಿಯಿತು.

“ಎದೆ ಎತ್ತು. ಕಾಲಿನ ಮೇಲೆ ನಿಲ್ಲು.”

“ಆಗುದಿಲ್ಲ ಭಾವ. ಬಿಟ್ರೆ ಬೀಳ್ತೇನೆ.”

“ಅವುಚಿದ್ರೆ ಬೀಳುದು. ಎದೆ ಎತ್ತು.”

ಎಷ್ಟು ಸಲ ಹೇಳಿದೆನೋ. ಕೊನೆಗೆ ಅಳುತ್ತಲೇ ಎತ್ತಿದ. ಪಾದ ಕಲ್ಲನ್ನು ಹಿಡಿಯಿತು, ಬುಡ ಮುಟ್ಟಿದ. ಆಮೇಲೆ ನಾನೂ ಇಳಿದೆ.

ಗಾಯ ಬೇಗ ಒಣಗಿತು. ಅಡಿಕೆಗೆ ಮದ್ದು ಬಿಡುವ ಸಮಯ ಬಂದಾಗ ಮರ ಹತ್ತಿದವನು ಅರ್ಧದಿಂದ ಇಳಿದು ಬಂದ. ಮರುದಿನವೂ ಹಾಗೆಯೇ. ತೋಟದ ಧನಿಗಳು, “ಎಂತ ಮಾರಾಯ, ಮೇಲೆ ನಿನ್ನ ಅತ್ತೆ ಕೂತಿದ್ದಾರಾ?” ಎಂದು ತಮಾಷೆ ಮಾಡಿದರಂತೆ. ಅಂದು ಸಂಜೆ ನಮ್ಮಲ್ಲಿಗೆ ಬಂದು, ತಳೆಯನ್ನು ಜಗಲಿಯ ಮೊಳೆಗೆ ಸಿಕ್ಕಿಸಿದ.

“ಮರ ಹಿಡ್ಕೊಂಡ ಕೂಡ್ಲೆ ನಿಮ್ಮ ಸ್ವರ ಕೇಳ್ತದೆ ಭಾವ. ಎದೆ ಎತ್ತು, ಎದೆ ಎತ್ತು ಅಂತ. ಅಲ್ಲಿ ಎತ್ತಿದ್ರೆ ನಾನು ಉಳಿತೇನಾ?”

ಪಾದೆಯಲ್ಲಿ ನಾನು ಹೇಳಿದ್ದು ಸರಿ. ಇನ್ನೊಮ್ಮೆ ಹಾಗಾದರೂ ಅದನ್ನೇ ಹೇಳಿಯೇನು. ಹೆಂಡತಿಯೂ ಅದನ್ನು ಒಪ್ಪುತ್ತಾಳೆ. ಆದರೆ ನಾನು ಹಗ್ಗ ಹೊರಗೆ ತೆಗೆದರೆ ಎದ್ದು ಒಳಗೆ ಹೋಗುತ್ತಾಳೆ. ಭಾವ ಈಗ ಅವರಿವರ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಾನೆ. ಬಂದರೆ ಚಾ ಕುಡಿಯುತ್ತಾನೆ, ಮಾತಾಡುತ್ತಾನೆ, ಮೊಳೆಯ ಕಡೆ ಮಾತ್ರ ನೋಡುವುದಿಲ್ಲ.

ಈಗ ನನಗಿರುವುದು ಹತ್ತು ಸೆಂಟ್ಸ್ ಜಾಗ, ಅದರಲ್ಲೊಂದು ಹೆಂಚಿನ ಮನೆ, ಒಂದು ಬೈಕು, ಎರಡು ಟ್ಯಾಪಿಂಗ್ ಕತ್ತಿ, ಒಂದು ಹಗ್ಗ, ಒಂದು ಜೊತೆ ಬೂಟು. ಮತ್ತೆ ನನ್ನದಲ್ಲದ ಒಂದು ತಳೆ.